ಹಳೆಯ ಕಂಪ್ಯೂಟರುಗಳ ನಡುವೆ ಕೇಬಲ್ ಜೋಡಿಸುವ ಮುನ್ನ

ಮನೆಯಲ್ಲಿ ಉಳಿದುಕೊಂಡ ಹಳೆಯ ಕಂಪ್ಯೂಟರಿನಿಂದ ಕಡತಗಳನ್ನು ಹೊರತೆಗೆಯುವ ಬಗ್ಗೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಎರಡು ಯಂತ್ರಗಳನ್ನು ಕೇಬಲ್ಲಿನಿಂದ ನೇರವಾಗಿ ಜೋಡಿಸುವುದಕ್ಕೆ ಸಂಬಂಧಿಸಿದವನ್ನು ಮಾತ್ರ ಈ ಸಂಚಿಕೆಗೆ ಆರಿಸಿ, ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರ ವಿಂಡೋಸ್ 95 ಕಂಪ್ಯೂಟರಿನಲ್ಲಿ ಅವರ ಲೇಖನಗಳೂ ಅಂಗಡಿಯ ಲೆಕ್ಕಪತ್ರಗಳೂ ಸೇರಿ ಸುಮಾರು 150 ಮೆಗಾಬೈಟಿನಷ್ಟು ಕಡತಗಳಿವೆ. ಫ್ಲಾಪಿ ಡ್ರೈವ್ ಕೆಟ್ಟಿದೆ; ಯುಎಸ್‌ಬಿ ಇಲ್ಲ, ಲ್ಯಾನ್ ಕಾರ್ಡೂ ಇಲ್ಲ. ಸಿಡಿ ರೈಟರ್ ಇರುವ ವಿಂಡೋಸ್ 98ರ ಇನ್ನೊಂದು ಯಂತ್ರ ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಯಾವ ಕೇಬಲ್ ಕೊಳ್ಳಬೇಕು, ಹೇಗೆ ಜೋಡಿಸಬೇಕು? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಎರಡೂ ಯಂತ್ರಗಳ ಹಿಂಬದಿಯನ್ನು ನೋಡಿ. 25 ರಂಧ್ರಗಳಿರುವ ಅಗಲವಾದ ಪೋರ್ಟ್ ಮುದ್ರಕದ್ದು, ಅಂದರೆ ಪ್ಯಾರಲಲ್ ಪೋರ್ಟ್. 9 ಪಿನ್ನುಗಳು ಹೊರಚಾಚಿರುವ ಚಿಕ್ಕ ಪೋರ್ಟ್ ಸೀರಿಯಲ್. ಕೆಲವು ಹಳೆಯ ಯಂತ್ರಗಳಲ್ಲಿ ಸೀರಿಯಲ್ ಪೋರ್ಟಿಗೂ 25 ಪಿನ್ನುಗಳಿರುತ್ತವೆಯಾದರೂ ಅಲ್ಲಿ ಕಾಣುವುದು ರಂಧ್ರಗಳಲ್ಲ, ಪಿನ್ನುಗಳು. ನಿಮ್ಮ ಎರಡೂ ಯಂತ್ರಗಳಲ್ಲಿ ಎರಡು ಬಗೆಯ ಪೋರ್ಟುಗಳೂ ಇರುವುದು ಬಹುತೇಕ ಖಚಿತ.

ಆಯ್ಕೆಯನ್ನು ವೇಗವೇ ನಿರ್ಧರಿಸುತ್ತದೆ. ಸೀರಿಯಲ್ ಪೋರ್ಟಿನ ಗರಿಷ್ಠ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1,15,200 ಬಿಟ್. ಒಂದೊಂದು ಬೈಟಿನ 8 ಬಿಟ್‌ಗಳ ಜೊತೆಗೆ ಆರಂಭದ್ದೊಂದು, ಮುಕ್ತಾಯದ್ದೊಂದು ಬಿಟ್ ಸೇರುವುದರಿಂದ ಸೆಕೆಂಡಿಗೆ ಸಾಗುವುದು 11,520 ಬೈಟ್ ಮಾತ್ರ. ನಿಮ್ಮ 150 ಮೆಗಾಬೈಟಿಗೆ ಯಾವ ಅಡಚಣೆಯೂ ಇಲ್ಲದೆ ಮೂರೂಮುಕ್ಕಾಲು ಗಂಟೆ ಹಿಡಿಯುತ್ತದೆ. ಪ್ಯಾರಲಲ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಸಾಮಾನ್ಯವಾಗಿ 40ರಿಂದ 60 ಕಿಲೋಬೈಟ್ ಸಾಗುವುದರಿಂದ ಅದೇ ಕೆಲಸ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆದ್ದರಿಂದ ನಿಮಗೆ ಪ್ಯಾರಲಲ್ ಕೇಬಲ್ಲೇ ಸರಿ; ಸೀರಿಯಲ್ ಕೇಬಲ್ಲನ್ನು ಅದು ಕೈಕೊಟ್ಟಾಗಿನ ಆಸರೆಯಾಗಿ ಇಟ್ಟುಕೊಳ್ಳಿ.

ಈ ಕೇಬಲ್ಲನ್ನು ಅಂಗಡಿಗಳಲ್ಲಿ ಲ್ಯಾಪ್‌ಲಿಂಕ್ ಕೇಬಲ್ ಎಂದು ಕೇಳಬೇಕು. ಟ್ರಾವೆಲಿಂಗ್ ಸಾಫ್ಟ್‌ವೇರ್ ಎಂಬ ಸಂಸ್ಥೆಯ ಲ್ಯಾಪ್‌ಲಿಂಕ್ ತಂತ್ರಾಂಶದಿಂದಾಗಿ ಆ ಹೆಸರು ನಿಂತಿದೆ. ಹಳೆಯ ಮುದ್ರಕ ಪೋರ್ಟಿನ ಎಂಟು ದತ್ತಾಂಶ ತಂತಿಗಳು ಹೊರಕ್ಕೆ ಮಾತ್ರ ಕಳುಹಿಸಬಲ್ಲವು. ಆದರೆ ಕಾಗದ ಮುಗಿದಿದೆ, ಮುದ್ರಕ ಕೆಲಸದಲ್ಲಿದೆ ಎಂಬಂಥ ಸಂಗತಿಗಳನ್ನು ಕಂಪ್ಯೂಟರಿಗೆ ತಿಳಿಸುವ ಐದು ತಂತಿಗಳು ಒಳಕ್ಕೆ ಬರುತ್ತವೆ. ಲ್ಯಾಪ್‌ಲಿಂಕ್ ಕೇಬಲ್ಲು ಒಂದು ಯಂತ್ರದ ಐದು ದತ್ತಾಂಶ ತಂತಿಗಳನ್ನು ಇನ್ನೊಂದರ ಈ ಐದು ತಂತಿಗಳಿಗೆ ಕೂಡಿಸುತ್ತದೆ. ನಾಲ್ಕು ತಂತಿಗಳಲ್ಲಿ ಅರ್ಧ ಬೈಟ್ ಸಾಗಿದರೆ, ಐದನೆಯದು 'ಕಳುಹಿಸಿದೆ', 'ತಲುಪಿತು' ಎಂಬ ಸಂಜ್ಞೆಗೆ ಮೀಸಲು. ಪಿನ್ನುಗಳ ಲೆಕ್ಕ ಹೀಗಿದೆ: 2ರಿಂದ 15ಕ್ಕೆ, 3ರಿಂದ 13ಕ್ಕೆ, 4ರಿಂದ 12ಕ್ಕೆ, 5ರಿಂದ 10ಕ್ಕೆ, 6ರಿಂದ 11ಕ್ಕೆ, ಮತ್ತು ಇವೇ ಜೋಡಿಗಳು ಎದುರು ದಿಕ್ಕಿನಲ್ಲಿಯೂ, 25ನೆಯದು ಎರಡೂ ಕಡೆಯ ಗ್ರೌಂಡ್.

ಇಲ್ಲಿಯೇ ಹಲವರು ಎಡವುತ್ತಾರೆ. ಎರಡು ತುದಿಗಳಲ್ಲೂ 25 ಪಿನ್ನುಗಳಿದ್ದು, ಒಳಗೆ 2ರಿಂದ 2ಕ್ಕೆ, 3ರಿಂದ 3ಕ್ಕೆ ಎಂದು ನೇರವಾಗಿ ಹೋಗುವ ಇನ್ನೊಂದು ಕೇಬಲ್ಲಿದೆ. ಎರಡು ಕಂಪ್ಯೂಟರುಗಳು ಒಂದೇ ಮುದ್ರಕವನ್ನು ಹಂಚಿಕೊಳ್ಳುವ ಸ್ವಿಚ್ ಪೆಟ್ಟಿಗೆಗಾಗಿ ಅದನ್ನು ಮಾಡುತ್ತಿದ್ದರು. ನೋಡಲು ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಆ ನೇರ ಕೇಬಲ್ಲನ್ನು ಎರಡು ಕಂಪ್ಯೂಟರುಗಳ ನಡುವೆ ಹಾಕಿದರೆ ಹೊರಹೋಗುವ ತಂತಿಗೆ ಹೊರಹೋಗುವ ತಂತಿಯೇ ಎದುರಾಗಿ, ಕಡತ ಹೋಗದಿರುವುದಷ್ಟೇ ಅಲ್ಲ, ಪೋರ್ಟಿಗೂ ಹಾನಿಯಾಗಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೇ ಕೊಳ್ಳಿ, ನಿಮ್ಮ ಊರಿನಲ್ಲಿಯೇ ಕೊಳ್ಳಿ, ಮಲ್ಟಿಮೀಟರಿನಿಂದ ಒಂದು ತುದಿಯ 2ಕ್ಕೂ ಇನ್ನೊಂದು ತುದಿಯ 15ಕ್ಕೂ ಸಂಪರ್ಕವಿದೆಯೇ ಎಂದು ಪರೀಕ್ಷಿಸದೆ ಹಣ ಕೊಡಬೇಡಿ.

ಇನ್ನು ವಿದ್ಯುತ್ತಿನ ವಿಷಯ. ಕೇಬಲ್ಲಿಗಿಂತಲೂ ಇದು ಮುಖ್ಯವೆಂದು ನನ್ನ ಅಭಿಪ್ರಾಯ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಸಣ್ಣ ಕೆಪಾಸಿಟರುಗಳು ಜೋಡಣೆಗೊಂಡಿರುತ್ತವೆ. ಅರ್ತಿಂಗ್ ಸರಿಯಾಗಿದ್ದಾಗ ಇದರಿಂದ ಯಾವ ತೊಂದರೆಯೂ ಇಲ್ಲ. ಅರ್ತಿಂಗ್ ಇಲ್ಲದ ಮನೆಯಲ್ಲಿ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದಾಗ, ಆ ಕವಚ 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟಿನ ಮಟ್ಟಕ್ಕೆ ಏರಿ ನಿಲ್ಲುತ್ತದೆ. ಕಂಪ್ಯೂಟರಿನ ಹಿಂಬದಿಗೆ ಬೆರಳು ತಗುಲಿದಾಗ ಜುಮ್ಮೆನ್ನುವುದು ಇದರಿಂದಲೇ. ಕರೆಂಟು ಅತಿ ಕಡಿಮೆಯಾದ್ದರಿಂದ ಮನುಷ್ಯರಿಗೆ ಸಾಮಾನ್ಯವಾಗಿ ಅಪಾಯವಾಗದಿದ್ದರೂ, ಇಂಥ ಯಂತ್ರವನ್ನು ಅರ್ತಿಂಗ್ ಇರುವ ಇನ್ನೊಂದಕ್ಕೆ ಚಾಲೂ ಸ್ಥಿತಿಯಲ್ಲಿ ಜೋಡಿಸಿದರೆ ಪೋರ್ಟಿನ ಚಿಪ್ಪು ಸುಡಲು ಅಷ್ಟೇ ಸಾಕು. ಆದ್ದರಿಂದ ಎರಡೂ ಯಂತ್ರಗಳನ್ನು ಅರ್ತಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಸ್ವಿಚ್ಚುಗಳನ್ನು ಆರಿಸಿ, ಕೇಬಲ್ಲನ್ನು ತಿರುಪಿನ ಸಮೇತ ಬಿಗಿಮಾಡಿ, ಆಮೇಲೆ ಚಾಲೂ ಮಾಡಿ. ತೆಗೆಯುವಾಗಲೂ ಹಾಗೆಯೇ.

ತಂತ್ರಾಂಶಕ್ಕಾಗಿ ಹೊರಗೆ ಹುಡುಕಬೇಕಿಲ್ಲ. ವಿಂಡೋಸ್ 95 ಮತ್ತು 98 ಎರಡರಲ್ಲೂ 'ಡೈರೆಕ್ಟ್ ಕೇಬಲ್ ಕನೆಕ್ಷನ್' ಎಂಬ ಸೌಲಭ್ಯವಿದೆ. 95ರಲ್ಲಿ ಅದು ಆಕ್ಸೆಸರೀಸ್ ಪಟ್ಟಿಯಲ್ಲಿಯೂ 98ರಲ್ಲಿ ಆಕ್ಸೆಸರೀಸ್ ಒಳಗಿನ ಕಮ್ಯುನಿಕೇಷನ್ಸ್ ಪಟ್ಟಿಯಲ್ಲಿಯೂ ಸಿಗುತ್ತದೆ. ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲಿನ ಆ್ಯಡ್/ರಿಮೂವ್ ಪ್ರೋಗ್ರಾಮ್ಸ್ ಮೂಲಕ ಸೇರಿಸಿಕೊಳ್ಳಬೇಕು. ಆಗ ಮೂಲ ಸಿಡಿ ಬೇಕಾಗಬಹುದು. ಕಡತಗಳಿರುವ 95ರ ಯಂತ್ರವನ್ನು ಹೋಸ್ಟ್ ಎಂದೂ, ಪಡೆಯುವ 98ರ ಯಂತ್ರವನ್ನು ಗೆಸ್ಟ್ ಎಂದೂ ಆರಿಸಿ, ಎರಡರಲ್ಲೂ ಪೋರ್ಟನ್ನು ಪ್ಯಾರಲಲ್ ಎಂದೇ ಸೂಚಿಸಿ. ಆದರೆ ಇದು ಒಳಗೊಳಗೆ ಒಂದು ಪುಟ್ಟ ಜಾಲವಾದ್ದರಿಂದ ಜಾಲದ ಕಟ್ಟುಪಾಡುಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ. ಎರಡೂ ಯಂತ್ರಗಳಲ್ಲಿ ನೆಟ್‌ಬ್ಯೂಯಿ ಎಂಬ ಒಂದೇ ಪ್ರೋಟೊಕಾಲ್ (ಯಂತ್ರಗಳು ಪರಸ್ಪರ ಮಾತಾಡುವ ನಿಯಮಾವಳಿ) ಇರಬೇಕು, ಕಂಪ್ಯೂಟರುಗಳ ಹೆಸರು ಬೇರೆ ಬೇರೆಯಾಗಿದ್ದು ವರ್ಕ್‌ಗ್ರೂಪಿನ ಹೆಸರು ಒಂದೇ ಆಗಿರಬೇಕು, ಹೋಸ್ಟಿನಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಚಾಲೂ ಇದ್ದು ಬೇಕಾದ ಫೋಲ್ಡರನ್ನು ಶೇರ್ ಮಾಡಿರಬೇಕು. ಸಂಪರ್ಕವಾದರೂ ಫೋಲ್ಡರು ಕಾಣದೆ ಹೋಸ್ಟಿನ ಹೆಸರನ್ನು ಕೇಳಿದರೆ ಗಾಬರಿಯಾಗಬೇಡಿ. ಹೆಸರನ್ನು ಟೈಪು ಮಾಡಿದರೆ ಹೆಚ್ಚಿನ ಸಲ ಕಾಣಿಸುತ್ತದೆ. ಶೇರ್ ಮಾಡುವಾಗ ಓದಲು ಮಾತ್ರ ಅನುಮತಿ ಕೊಡಿ. ತಂದೆಯವರ ಕಡತಗಳ ಏಕೈಕ ಪ್ರತಿ ಇರುವ ಡಿಸ್ಕಿನ ಮೇಲೆ ಏನನ್ನೂ ಬರೆಯುವ ಅವಕಾಶ ಈ ಹಂತದಲ್ಲಿ ಯಾರಿಗೂ ಇರಬಾರದು.

ಎಲ್ಲವನ್ನೂ ಒಂದೇ ಸಲ ಎಳೆಯದೆ ಒಂದೊಂದೇ ಫೋಲ್ಡರನ್ನು ತನ್ನಿ. ಹಳೆಯ ಡಿಸ್ಕು ಒಂದು ಕಡತದಲ್ಲಿ ತಡವರಿಸಿದರೆ ನಕಲು ಅಲ್ಲಿಯೇ ನಿಲ್ಲುತ್ತದೆ, ಮತ್ತು ಯಾವುದು ಬಂತು, ಯಾವುದು ಉಳಿಯಿತು ಎಂಬ ಲೆಕ್ಕ ಸಿಗುವುದಿಲ್ಲ.

ಪ್ರಶ್ನೆ: ಎರಡೂ ತುದಿಯಲ್ಲಿ ಚಪ್ಪಟೆ ಯುಎಸ್‌ಬಿ ಪ್ಲಗ್ ಇರುವ ಕೇಬಲ್ ತಂದಿದ್ದೇನೆ. ಎರಡು ಹಳೆಯ ಕಂಪ್ಯೂಟರುಗಳನ್ನು ಇದರಿಂದ ಜೋಡಿಸಬಹುದೇ? (ಬೆಳಗಾವಿಯ ಓದುಗರು)

ಉತ್ತರ: ಬೇಡ. ಯುಎಸ್‌ಬಿಯಲ್ಲಿ ಒಂದು ಕಡೆ ಆಜ್ಞೆ ಕೊಡುವ ಕಂಪ್ಯೂಟರು, ಇನ್ನೊಂದು ಕಡೆ ಕೇಳುವ ಸಾಧನ ಇರಲೇಬೇಕು. ನಿಮ್ಮ ಕೇಬಲ್ಲಿನ ಎರಡೂ ತುದಿಗಳಲ್ಲಿ ಆಜ್ಞೆ ಕೊಡುವವರೇ ಇದ್ದು ಕೇಳುವವರು ಇಲ್ಲದಿರುವುದರಿಂದ ಸಂವಹನ ನಡೆಯುವುದಿಲ್ಲ. ಅದಲ್ಲದೆ ಎರಡೂ ಕಂಪ್ಯೂಟರುಗಳು ತಮ್ಮ ತಮ್ಮ 5 ವೋಲ್ಟನ್ನು ಒಂದೇ ತಂತಿಗೆ ಕೊಟ್ಟು ಪರಸ್ಪರ ಹೊಯ್ದಾಡುತ್ತವೆ. ಪೋರ್ಟಿಗೆ ಅದು ಒಳ್ಳೆಯದಲ್ಲ. ಕಡತ ವರ್ಗಾವಣೆಗೆ ಬೇಕಾದದ್ದು ನಡುವೆ ಉಬ್ಬಿದ ಚಿಕ್ಕ ಪೆಟ್ಟಿಗೆಯಿರುವ ಯುಎಸ್‌ಬಿ ಲಿಂಕ್ ಕೇಬಲ್. ಆ ಪೆಟ್ಟಿಗೆಯೊಳಗಿನ ಚಿಪ್ಪು ಎರಡೂ ಕಂಪ್ಯೂಟರುಗಳಿಗೆ ಸಾಧನದಂತೆ ಕಾಣಿಸಿಕೊಳ್ಳುತ್ತದೆ. ಅದರ ಡ್ರೈವರ್ ಸಿಡಿ ಸಿಗದಿದ್ದರೆ ವಿಂಡೋಸ್ 98ರಲ್ಲಿ ಕೇಬಲ್ಲು ನಿರುಪಯೋಗಿ. ಹಳೆಯ ದಾಸ್ತಾನಿನಲ್ಲಿ ಕೇಬಲ್ ಸಿಕ್ಕಿ ಸಿಡಿ ಸಿಗದಿರುವುದೇ ಹೆಚ್ಚಾದ್ದರಿಂದ, ಎರಡರಲ್ಲೂ ಲ್ಯಾನ್ ಪೋರ್ಟ್ ಇದ್ದರೆ ಯುಎಸ್‌ಬಿಯ ಯೋಚನೆಯನ್ನೇ ಬಿಡುವುದು ಜಾಣತನ.

ಪ್ರಶ್ನೆ: ಡಾಸ್ ಮಾತ್ರ ಇರುವ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಫ್ಲಾಪಿ ಡ್ರೈವ್ ಇಲ್ಲ, ಆದ್ದರಿಂದ ವರ್ಗಾವಣೆಯ ತಂತ್ರಾಂಶವನ್ನು ಅದಕ್ಕೆ ಹಾಕುವುದೇ ಸಾಧ್ಯವಾಗುತ್ತಿಲ್ಲ. ಕಡತ ಕಳುಹಿಸಲು ತಂತ್ರಾಂಶ ಬೇಕು, ತಂತ್ರಾಂಶ ಹಾಕಲು ಕಡತ ಕಳುಹಿಸಬೇಕು. ಬಿಡುಗಡೆಯ ದಾರಿ ಇದೆಯೇ? (ಮೈಸೂರಿನ ಓದುಗರು)

ಉತ್ತರ: ಇದೆ. 1993ರಲ್ಲಿ ಬಂದ ಎಂಎಸ್-ಡಾಸ್ 6ರಲ್ಲಿ ಇಂಟರ್‌ಲಿಂಕ್ ಮತ್ತು ಇಂಟರ್‌ಸರ್ವರ್ ಎಂಬ ಜೋಡಿ ಕಾರ್ಯಕ್ರಮಗಳಿವೆ; ಅವನ್ನು ಡಾಸ್‌ನಲ್ಲಿ 'ಇಂಟರ್‌ಎಲ್‌ಎನ್‌ಕೆ', 'ಇಂಟರ್‌ಎಸ್‌ವಿಆರ್' ಎಂಬ ಎಂಟಕ್ಷರದೊಳಗಿನ ಹೆಸರುಗಳಿಂದ ಕರೆಯಬೇಕು. ಇದನ್ನು ಮಾಡಿದವರು ನಿಮ್ಮ ತೊಡಕನ್ನು ಮುಂಚೆಯೇ ಊಹಿಸಿದ್ದರು. ಡಾಸ್ 6 ಇರುವ ಇನ್ನೊಂದು ಯಂತ್ರದಲ್ಲಿ ಇಂಟರ್‌ಎಸ್‌ವಿಆರ್ ಹೆಸರಿನ ಮುಂದೆ ಓರೆಗೆರೆ ಹಾಕಿ ಆರ್‌ಕಾಪಿ ಎಂದು ಸೇರಿಸಿದರೆ, ಅದು ಎರಡೂ ಕಾರ್ಯಕ್ರಮಗಳನ್ನು ಸೀರಿಯಲ್ ಕೇಬಲ್ಲಿನ ಮೂಲಕವೇ ಲ್ಯಾಪ್‌ಟಾಪಿಗೆ ಸಾಗಿಸುತ್ತದೆ. ಪರದೆಯ ಮೇಲೆ ಬರುವ ಸೂಚನೆಯಂತೆ ಲ್ಯಾಪ್‌ಟಾಪಿನಲ್ಲಿ ಮೋಡ್ ಮತ್ತು ಸಿಟಿಟಿವೈ ಎಂಬ ಎರಡು ಆಜ್ಞೆಗಳನ್ನು ಕೊಡಬೇಕು. ಮೊದಲನೆಯದು ಪೋರ್ಟಿನ ವೇಗವನ್ನು ನಿಗದಿಪಡಿಸುತ್ತದೆ. ಎರಡನೆಯದು ಕೀಲಿಮಣೆಯ ಬದಲು ಸೀರಿಯಲ್ ಪೋರ್ಟಿನಿಂದ ಬಂದ ಅಕ್ಷರಗಳನ್ನು ಆಜ್ಞೆಯೆಂದು ಸ್ವೀಕರಿಸುವಂತೆ ಡಾಸ್‌ಗೆ ಹೇಳುತ್ತದೆ.

ಈ ಸೌಲಭ್ಯಕ್ಕೆ ಮೂರು ತಂತಿಯ ಅಗ್ಗದ ಕೇಬಲ್ ಸಾಲದು, ಏಳು ತಂತಿಯ ನಲ್ ಮೋಡೆಮ್ ಕೇಬಲ್ಲೇ (ಕಳುಹಿಸುವ ಮತ್ತು ಪಡೆಯುವ ತಂತಿಗಳನ್ನು ಅದಲುಬದಲು ಮಾಡಿದ ಸೀರಿಯಲ್ ಕೇಬಲ್) ಬೇಕು. ಲ್ಯಾಪ್‌ಟಾಪಿನಲ್ಲಿ ಮೋಡ್ ಕಾರ್ಯಕ್ರಮವೂ ಇರಬೇಕು. ಒಮ್ಮೆ ಕಾರ್ಯಕ್ರಮಗಳು ತಲುಪಿದ ಮೇಲೆ ಪ್ಯಾರಲಲ್ ಕೇಬಲ್ಲಿಗೆ ಬದಲಾಯಿಸಬಹುದು. ಇಂಟರ್‌ಲಿಂಕನ್ನು ಲ್ಯಾಪ್‌ಟಾಪಿನ ಕಾನ್ಫಿಗ್.ಸಿಸ್ ಕಡತದಲ್ಲಿ ಡಿವೈಸ್ ಸಾಲಾಗಿ ಸೇರಿಸಿ ಪುನರಾರಂಭಿಸಿದರೆ ಸರ್ವರಿನ, ಅಂದರೆ ಇಂಟರ್‌ಎಸ್‌ವಿಆರ್ ನಡೆಯುತ್ತಿರುವ ಯಂತ್ರದ, ಸಿ ಡ್ರೈವ್ ನಿಮ್ಮಲ್ಲಿ ಡಿ ಅಥವಾ ಇ ಎಂಬ ಹೆಸರಿನಿಂದ ಕಾಣಿಸುತ್ತದೆ. ಆಮೇಲೆ ಎಕ್ಸ್‌ಕಾಪಿ ಆಜ್ಞೆ ಸಾಕು. ಸಿಡಿ ಡ್ರೈವ್ ಮಾತ್ರ ಹೀಗೆ ಕಾಣಿಸುವುದಿಲ್ಲ.

ಪ್ರಶ್ನೆ: ಸೀರಿಯಲ್ ಕೇಬಲ್ ಮತ್ತು ವಿಂಡೋಸಿನ ಹೈಪರ್‌ಟರ್ಮಿನಲ್ ಎಂಬ ಸಂವಹನ ತಂತ್ರಾಂಶ ಬಳಸಿ ಕನ್ನಡ ಬರಹಗಳನ್ನು ವಿಂಡೋಸ್ 98ರಿಂದ ಎಕ್ಸ್‌ಪಿಗೆ ಕಳುಹಿಸಿದೆ. ಇಂಗ್ಲಿಷ್ ಸಾಲುಗಳು ಸರಿಯಾಗಿವೆ, ಕನ್ನಡ ಮಾತ್ರ ಅರ್ಥವಿಲ್ಲದ ಚಿಹ್ನೆಗಳಾಗಿದೆ. ಕೇಬಲ್ಲಿನ ದೋಷವೇ? (ಕುಂದಾಪುರದ ಓದುಗರು)

ಉತ್ತರ: ಎರಡು ಬೇರೆ ಬೇರೆ ಕಾರಣಗಳಿಂದ ಹೀಗಾಗಬಹುದು; ಒಂದು ನಿರುಪದ್ರವಿ, ಇನ್ನೊಂದು ಹಾಗಲ್ಲ. ಯೂನಿಕೋಡಿಗೆ ಮುಂಚಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಆ ಫಾಂಟು ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಅಡಿಯಲ್ಲಿರುವ ಚಿಹ್ನೆಗಳೇ ಕಾಣುತ್ತವೆ. ಹಳೆಯ ಯಂತ್ರದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಅದೇ ಫಾಂಟನ್ನು ತಂದು ಹಾಕಿದರೆ ಬರಹ ಮೊದಲಿನಂತೆ ಕಾಣುತ್ತದೆ. ಮುಂದೆ ನುಡಿ ಅಥವಾ ಬರಹದ ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಳ್ಳಬಹುದು.

ಫಾಂಟು ಹಾಕಿದ ಮೇಲೂ ಅಕ್ಷರಗಳು ಕೂಡದಿದ್ದರೆ ಎರಡನೆಯ ಕಾರಣವನ್ನು ಶಂಕಿಸಬೇಕು. ಹೈಪರ್‌ಟರ್ಮಿನಲಿನಲ್ಲಿ ಡೇಟಾ ಬಿಟ್ಸ್ 7 ಎಂದಿದ್ದರೆ ಪ್ರತಿ ಬೈಟಿನ ಎಂಟನೆಯ ಬಿಟ್ ಉದುರಿಹೋಗುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಕೇತಗಳೆಲ್ಲ 127ರ ಒಳಗಿರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. ಕನ್ನಡ ಫಾಂಟುಗಳು ಅದಕ್ಕಿಂತ ಮೇಲಿನ ಸಂಕೇತಗಳನ್ನು ಧಾರಾಳವಾಗಿ ಬಳಸುತ್ತವೆಯಾದ್ದರಿಂದ ಏಟು ಬೀಳುವುದು ಕನ್ನಡಕ್ಕೇ. ಕಡತದ ಗಾತ್ರ ಬದಲಾಗದಿರುವುದರಿಂದ ಮೇಲುನೋಟಕ್ಕೆ ಏನೂ ತಿಳಿಯದು. ಹೀಗೆ ಕಳೆದದ್ದನ್ನು ಯಾವ ಪರಿವರ್ತಕವೂ ಮರಳಿ ತರಲಾರದು, ಮತ್ತೆ ಕಳುಹಿಸುವುದೊಂದೇ ದಾರಿ.

ಮತ್ತೆ ಕಳುಹಿಸುವಾಗ ಎರಡೂ ಕಡೆ ಡೇಟಾ ಬಿಟ್ಸ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಎಂದು ಇಡಿ. ಕೇಬಲ್ಲಿನಲ್ಲಿ ಮೂರೇ ತಂತಿಗಳಿದ್ದರೆ ಫ್ಲೋ ಕಂಟ್ರೋಲನ್ನು ಹಾರ್ಡ್‌ವೇರ್ ಎಂದು ಇಡಬೇಡಿ, ವೇಗವನ್ನೂ 9,600 ಅಥವಾ 19,200ಕ್ಕೆ ಇಳಿಸಿ. 'ಸೆಂಡ್ ಟೆಕ್ಸ್ಟ್ ಫೈಲ್' ಎಂಬುದನ್ನು ಮುಟ್ಟದೆ 'ಸೆಂಡ್ ಫೈಲ್' ಆರಿಸಿ, ಪ್ರೋಟೊಕಾಲ್ ಝಡ್‌ಮೋಡೆಮ್ ಇರಲಿ. 1977ರಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ರೂಪಿಸಿದ ಎಕ್ಸ್‌ಮೋಡೆಮ್ 128 ಬೈಟುಗಳ ಕಟ್ಟುಗಳಲ್ಲಿ ಕಳುಹಿಸುವುದರಿಂದ ಕೊನೆಯ ಕಟ್ಟು ತುಂಬದಿದ್ದರೆ ಬೇಡದ ಬೈಟುಗಳನ್ನು ಸೇರಿಸಿಬಿಡುತ್ತದೆ. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ರೂಪಿಸಿದ ಝಡ್‌ಮೋಡೆಮ್ ಕಡತದ ಹೆಸರನ್ನೂ ನಿಖರ ಗಾತ್ರವನ್ನೂ ಜೊತೆಗೇ ಒಯ್ಯುತ್ತದೆ ಮತ್ತು ನಡುವೆ ಕಡಿದುಹೋದರೆ ನಿಂತಲ್ಲಿಂದ ಮುಂದುವರಿಯಬಲ್ಲದು. ಇನ್ನೂ ಒಂದು ಸಲಹೆ: ಕಡತಗಳನ್ನು ಮೊದಲೇ ಜಿಪ್ ಮಾಡಿ ಕಳುಹಿಸಿ. ಬಿಚ್ಚುವಾಗ ಪ್ರತಿ ಕಡತದ ಮೊತ್ತವನ್ನು ತಾಳೆ ನೋಡುವುದರಿಂದ ಒಂದು ಬಿಟ್ ತಪ್ಪಿದರೂ ಅದು ದೂರು ಕೊಡುತ್ತದೆ.

ಪ್ರಶ್ನೆ: ವಿಂಡೋಸ್ 98ರ ಯಂತ್ರದಲ್ಲಿ ಲ್ಯಾನ್ ಕಾರ್ಡ್ ಇದೆ. ಅದನ್ನು ವಿಂಡೋಸ್ 10ರ ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿದರೂ ಶೇರ್ ಮಾಡಿದ ಫೋಲ್ಡರ್ ತೆರೆಯುತ್ತಿಲ್ಲ. ಕ್ರಾಸ್ ಕೇಬಲ್ ಬೇಕೇ? (ಪುಣೆಯ ಕನ್ನಡಿಗ ಓದುಗರು)

ಉತ್ತರ: ಎರಡು ಹಳೆಯ ಕಾರ್ಡುಗಳ ನಡುವೆಯಾದರೆ ಕ್ರಾಸ್ ಕೇಬಲ್ ಬೇಕು, ಅಂದರೆ ಒಂದು ತುದಿಯ 1 ಮತ್ತು 2ನೆಯ ತಂತಿಗಳು ಇನ್ನೊಂದು ತುದಿಯಲ್ಲಿ 3 ಮತ್ತು 6ನೆಯ ಸ್ಥಾನಕ್ಕೆ ಹೋಗಿರಬೇಕು. ಒಂದು ಕಡೆ ಇತ್ತೀಚಿನ ಲ್ಯಾಪ್‌ಟಾಪ್ ಇದ್ದರೆ ಅದು ತಾನಾಗಿಯೇ ತಂತಿಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಸಾಮಾನ್ಯ ಕೇಬಲ್ಲೇ ಸಾಕು. ನಿಮ್ಮ ತೊಡಕು ಬೇರೆಡೆ ಇದೆ. ವಿಂಡೋಸ್ 98ಕ್ಕೆ ತಿಳಿದಿರುವುದು ಫೋಲ್ಡರ್ ಹಂಚಿಕೆಗೆ ಬಳಸುವ ಎಸ್‌ಎಂಬಿ ಪ್ರೋಟೊಕಾಲಿನ ಮೊದಲ ಆವೃತ್ತಿ ಮಾತ್ರ. ಭದ್ರತೆಯ ಕಾರಣದಿಂದ 2017ರ 1709 ಆವೃತ್ತಿಯಿಂದ ಮುಂದಕ್ಕೆ ಹೊಸದಾಗಿ ಅನುಸ್ಥಾಪಿಸಿದ ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ಪೂರ್ತಿಯಾಗಿ ಸೇರಿರುವುದಿಲ್ಲ. ಅದನ್ನು ಮತ್ತೆ ಚಾಲೂ ಮಾಡುವ ಸಲಹೆ ಹಲವೆಡೆ ಸಿಗುತ್ತದೆಯಾದರೂ, ಒಂದು ಸಂಜೆಯ ಕೆಲಸಕ್ಕಾಗಿ ನಿತ್ಯ ಬಳಸುವ ಯಂತ್ರದ ಬಾಗಿಲನ್ನು ತೆರೆದಿಡುವುದು ನನಗೆ ಒಪ್ಪಿಗೆಯಿಲ್ಲ.

ಅದರ ಬದಲು ಎಫ್‌ಟಿಪಿ ಎಂಬ, ಜಾಲದ ಮೂಲಕ ಕಡತ ಸಾಗಿಸುವ ವಿಧಾನ ಬಳಸಿ. ಹಳೆಯದಕ್ಕೆ 192.168.0.1, ಹೊಸದಕ್ಕೆ 192.168.0.2 ಎಂಬ ಐಪಿ ವಿಳಾಸಗಳನ್ನೂ ಎರಡಕ್ಕೂ 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನೂ ಕೊಡಿ. ಲ್ಯಾಪ್‌ಟಾಪಿನಲ್ಲಿ ಫೈಲ್‌ಝಿಲ್ಲಾ ಸರ್ವರ್‌ನಂಥ ಉಚಿತ ಎಫ್‌ಟಿಪಿ ಸರ್ವರನ್ನು ಹಾಕಿ, ಫೈರ್‌ವಾಲಿನಲ್ಲಿ ಅದಕ್ಕೆ ಅನುಮತಿ ಕೊಡಿ. ವಿಂಡೋಸ್ 98ರ ಡಾಸ್ ಕಿಟಕಿಯಲ್ಲಿ ಎಫ್‌ಟಿಪಿ ಆಜ್ಞೆ ಮೊದಲೇ ಇರುತ್ತದೆ. ಸಂಪರ್ಕವಾದ ಕೂಡಲೇ 'ಬೈನರಿ' ಎಂಬ ಆಜ್ಞೆಯನ್ನು ಕೊಡಲು ಮರೆಯಬೇಡಿ; ಅದಿಲ್ಲದಿದ್ದರೆ ಕಡತಗಳು ಪಠ್ಯದ ರೀತಿಯಲ್ಲಿ ಸಾಗಿ ಚಿತ್ರ ಮತ್ತು ಡಾಕ್ಯುಮೆಂಟುಗಳು ಕೆಡುವ ಸಂಭವವಿದೆ.

ಪ್ರಶ್ನೆ: ಶಾಲೆಗಳಿಗೆ ಬಿಬಿಸಿ ಮೈಕ್ರೊ ಬಂದ ಕಾಲದಲ್ಲಿ ಬೇಸಿಕ್ ಭಾಷೆಯಲ್ಲಿ ಬರೆದ ಕೆಲವು ಪಾಠಗಳು ಫ್ಲಾಪಿಯಲ್ಲಿವೆ. ಯಂತ್ರ ಇನ್ನೂ ಚಾಲೂ ಆಗುತ್ತದೆ. ಅವನ್ನು ಈಗಿನ ಕಂಪ್ಯೂಟರಿಗೆ ತರಬಹುದೇ? (ಧಾರವಾಡದ ನಿವೃತ್ತ ಶಿಕ್ಷಕರು)

ಉತ್ತರ: ಖಂಡಿತ ತರಬಹುದು. 1984ರಲ್ಲಿ ಆರಂಭವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆಯ ಕ್ಲಾಸ್ ಯೋಜನೆಯಡಿ ನಮ್ಮ ಶಾಲೆಗಳಿಗೆ ಬಂದ, ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಈ ಯಂತ್ರದ ಹಿಂಬದಿಯಲ್ಲಿ ಆರ್‌ಎಸ್423 ಎಂಬ ಸೀರಿಯಲ್ ಪೋರ್ಟ್ ಇದೆ. ಸಾಮಾನ್ಯ ಸೀರಿಯಲ್ ಪೋರ್ಟಿನೊಡನೆ ಅದು ಹೊಂದಿಕೊಳ್ಳುತ್ತದೆ. ಹೊಸ ಕಂಪ್ಯೂಟರಿಗೆ ಯುಎಸ್‌ಬಿ-ಸೀರಿಯಲ್ ಪರಿವರ್ತಕ ಬೇಕು. ಆದರೆ ಪರಿವರ್ತಕವು ಆರ್‌ಎಸ್232, ಅಂದರೆ ಸಾಮಾನ್ಯ ಸೀರಿಯಲ್ ಪೋರ್ಟಿನ ವೋಲ್ಟೇಜ್ ಮಟ್ಟದ್ದೇ ಆಗಿರಲಿ. ಬಿಡಿ ಎಲೆಕ್ಟ್ರಾನಿಕ್ಸ್ ಪ್ರಯೋಗಗಳಿಗಾಗಿ ಮಾರುವ 3.3 ಅಥವಾ 5 ವೋಲ್ಟಿನವು ಇಲ್ಲಿ ಸುಟ್ಟುಹೋಗಬಹುದು. ಕೇಬಲ್ಲಿನ ಬಿಬಿಸಿ ತುದಿಗೆ ಐದು ಪಿನ್ನಿನ ಡಿನ್ ಪ್ಲಗ್ ಬೇಕು. ಅದರ ಪಿನ್ನುಗಳು ದಾಳದ ಐದರಂತೆ ಜೋಡಣೆಗೊಂಡಿರುವುದರಿಂದ ತಲೆಕೆಳಗಾಗಿಯೂ ಕೂರುತ್ತದೆ. ಏನೂ ಬಾರದಿದ್ದರೆ ಯಂತ್ರಗಳನ್ನು ಆರಿಸಿ, ಪ್ಲಗ್ಗನ್ನು ತಿರುಗಿಸಿ ನೋಡಿ.

ಹೊಸ ಕಂಪ್ಯೂಟರಿನ ಟರ್ಮಿನಲ್ ತಂತ್ರಾಂಶದಲ್ಲಿ ವೇಗ 9,600, ಡೇಟಾ ಬಿಟ್ಸ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಎಂದಿಟ್ಟು, ಬಂದದ್ದನ್ನು ಕಡತಕ್ಕೆ ಹಿಡಿದಿಡುವ ಆಯ್ಕೆಯನ್ನು ಚಾಲೂ ಮಾಡಿ. ಬಿಬಿಸಿಯಲ್ಲಿ ಪಾಠವನ್ನು ಲೋಡ್ ಮಾಡಿದ ಮೇಲೆ ನಕ್ಷತ್ರಚಿಹ್ನೆಯೊಡನೆ ಎಫ್‌ಎಕ್ಸ್ 8,7 ಎಂದು ಕೊಟ್ಟರೆ ಕಳುಹಿಸುವ ವೇಗ 9,600 ಆಗುತ್ತದೆ. ಎಫ್‌ಎಕ್ಸ್ 3,1 ಎಂದರೆ ಪರದೆಗೆ ಹೋಗುವುದೆಲ್ಲ ಸೀರಿಯಲ್ ಪೋರ್ಟಿಗೂ ಹೋಗುತ್ತದೆ. ಈಗ ಲಿಸ್ಟ್ ಎಂದರೆ ಇಡೀ ಪಾಠ ಸಾಲುಸಾಲಾಗಿ ಆಚೆ ಬದಿಗೆ ಹರಿಯುತ್ತದೆ. ಮುಗಿದ ಮೇಲೆ ಎಫ್‌ಎಕ್ಸ್ 3,0 ಕೊಡಿ. ಬಿಬಿಸಿ ಬೇಸಿಕ್ ತನ್ನ ಕಾರ್ಯಕ್ರಮಗಳನ್ನು ಫ್ಲಾಪಿಯಲ್ಲಿ ಸಂಕ್ಷಿಪ್ತ ಸಂಕೇತಗಳಾಗಿ ಉಳಿಸುವುದರಿಂದ, ಲಿಸ್ಟ್ ಮೂಲಕ ತಂದ ಸಾದಾ ಪಠ್ಯವೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಫ್ಲಾಪಿಯಿಂದ ಓದಲು ಬಂದ ಪಾಠವನ್ನು ಆ ಕ್ಷಣದಲ್ಲಿಯೇ ಕಳುಹಿಸಿಬಿಡಿ. ಅಷ್ಟು ಹಳೆಯ ಫ್ಲಾಪಿ ಎರಡನೆಯ ಸಲ ಓದಲು ಬರುತ್ತದೆಂಬ ಭರವಸೆಯಿಲ್ಲ.